ಬೋಟ್ ಎಂಜಿನ್ ರೂಮಿಗೆ ಗಾಳಿ ಆಡಿಸೋದು ಹೇಗೆ? ಬ್ಲೋವರ್ ಸದ್ದನ್ನ ನಂಬ್ಬೇಡಿ

ಬೋಟಿನ ಹೊಟ್ಟೆಯೊಳಗೇ ಪೆಟ್ರೋಲ್ ಎಂಜಿನ್ ಇದ್ರೆ ಸ್ಟಾರ್ಟ್ ಮಾಡೋ ಮುಂಚೆ ಬ್ಲೋವರ್, ಅಂದ್ರೆ ಎಂಜಿನ್ ರೂಮಿನ ತಳದ ಗಾಳಿ ಎಳೆದು ಹೊರಗೆ ಹಾಕೋ ಫ್ಯಾನ್, ಹಾಕ್ಬೇಕು ಅಂತ ಎಲ್ರಿಗೂ ಗೊತ್ತು. ಸ್ವಿಚ್ ಒತ್ತಿದ್ರೆ ಗುಯ್ ಅನ್ನತ್ತೆ, ಸರಿ ಆಯ್ತು ಅಂತ ಕೀ ತಿರುಗಿಸ್ತೀವಿ. ನಾನೂ ಎಷ್ಟೋ ದಿನ ಹಾಗೇ ಮಾಡಿದೀನಿ, ಆಮೇಲೊಂದಿನ ತಳದ ಕಸ ತೆಗೆಯೋಕೆ ಅಂತ ಬಗ್ಗಿ ನೋಡಿದ್ರೆ ತಳದಿಂದ ಗಾಳಿ ಎಳೆಯೋ ಬ್ಲೋವರಿನ ಹೋಸ್ (ಪೈಪು) ಕ್ಲಾಂಪಿಂದ ಕಳಚ್ಕೊಂಡು ಹಾವಿನ ಪೊರೆ ಥರ ಮೂಲೇಲಿ ಬಿದ್ದಿದೆ! ಅಷ್ಟು ದಿನ ಆ ಫ್ಯಾನು ಹೊರಗೆ ಹಾಕ್ತಿದ್ದಿದ್ದು ಮೇಲಿನ ಒಳ್ಳೇ ಗಾಳಿನ.

ಪೆಟ್ರೋಲ್ ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ, ನೀರಿನ ಹಾಗೆ ಇಳಿದು ತಳದಲ್ಲಿ, ಅಂದ್ರೆ ಬಿಲ್ಜಲ್ಲಿ ಕೂತ್ಕೊಳತ್ತೆ. ಕಾರಲ್ಲಿ ಸೋರಿದ್ದು ರಸ್ತೆಗಾದ್ರೂ ಹೋಗತ್ತೆ, ಬೋಟಲ್ಲಿ ಎಲ್ಲಿಗೆ ಹೋಗ್ಬೇಕು? ಗಾಳೀಲಿ ಶೇ 1.4ರಷ್ಟು ಆವಿ ಬೆರೆತ್ರೂ ಸಾಕು, ಒಂದು ಕಿಡಿಗೆ ಹೊತ್ಕೊಳತ್ತೆ. ಚಳಿ ಇದೆ, ಏನಾಗಲ್ಲ ಅನ್ನೋದೂ ಬೇಡ, ಮೈನಸ್ 40 ಡಿಗ್ರಿ ಹತ್ರಾನೂ ಹೊತ್ಕೊಳ್ಳೋವಷ್ಟು ಆವಿ ಬಿಡೋ ವಸ್ತು ಅದು.

ಹಾಗಾಗಿ ಮೊದಲು ಎಂಜಿನ್ ಆರಿರುವಾಗ ಟಾರ್ಚ್ ಹಿಡ್ಕೊಂಡು ಹೋಸಿನ ಜಾಡು ಹಿಡೀರಿ. ಅದರ ಕೆಳಗಿನ ಬಾಯಿ ಎಂಜಿನ್ ರೂಮಿನ ಎತ್ತರದಲ್ಲಿ ಕೆಳಗಿನ ಮೂರನೇ ಒಂದು ಭಾಗದಲ್ಲಿರಬೇಕು, ಆದ್ರೆ ಬಿಲ್ಜಲ್ಲಿ ಮಾಮೂಲಿ ನೀರು ನಿಲ್ಲೋ ಮಟ್ಟಕ್ಕಿಂತ ಮೇಲೆ, ಇಲ್ಲಾಂದ್ರೆ ನೀರೇ ಬಾಯಿ ಮುಚ್ಚತ್ತೆ. ನಡುವೆ ಎಲ್ಲೂ ಜೋತು ಬೀಳಬಾರ್ದು, ಆ ತಗ್ಗಲ್ಲೂ ನೀರು ನಿಂತು ಗಾಳಿ ಕಟ್ಟತ್ತೆ. ಆಮೇಲೆ ಹೊರಗಿನ ಗಾಳಿ ಒಳಗೆ ಬರೋ ದಾರಿ ನೋಡಿ, ಅದರ ಮುಂದೆ ಲೈಫ್ ಜಾಕೆಟ್ಟು ಹಗ್ಗ ಎಲ್ಲ ಒಟ್ಟಿರ್ತಾರೆ ಜನ. ಒಳಗೆ ಬರದೇ ಇದ್ರೆ ಬ್ಲೋವರ್ ಹೊರಗೆ ಎಳೆಯೋದಾದ್ರೂ ಏನನ್ನ?

ಮೂಸಿ ನೋಡಿ ವಾಸನೆ ಇಲ್ಲ ಅಂತಾದ್ಮೇಲೆ ಬ್ಲೋವರ್ ಹಾಕಿ ಟಿಶ್ಯೂ ಪೇಪರ್ ಹಿಡಿದು ಟೆಸ್ಟ್ ಮಾಡಿ. ಹೊರಗಿನ ತೂತಿನ ಹತ್ರ ಅಲ್ಲ, ಕೆಳಗಿನ ಬಾಯಿ ಹತ್ರ. ಹೊರಗೆ ಹಿಡಿದಿದ್ರೆ ನನ್ನ ಕಳಚಿದ ಹೋಸೂ ಫಸ್ಟ್ ಕ್ಲಾಸಲ್ಲಿ ಪಾಸಾಗ್ತಿತ್ತು. ಕೆಳಗೆ ಪೇಪರ್ ಬಾಯಿಗೆ ಪಟ್ ಅಂತ ಅಂಟ್ಕೋಬೇಕು.

ಇನ್ನು ಪ್ರತಿ ಸಲ ಹೊರಡುವಾಗ ಹ್ಯಾಚ್, ಅಂದ್ರೆ ಎಂಜಿನ್ ರೂಮಿನ ಮೇಲಿನ ಮುಚ್ಚಳ, ತೆಗೆದು ಮೂಗನ್ನ ಆದಷ್ಟು ತಳಕ್ಕೆ ಇಳಿಸಿ ಮೂಸಿ, ನಿಂತ್ಕೊಂಡೇ ಮೂಸಿದ್ರೆ ಏನೂ ಗೊತ್ತಾಗಲ್ಲ. ವಾಸನೆ ಇಲ್ಲಾಂದ್ರೆ ಗಡಿಯಾರ ನೋಡ್ಕೊಂಡು ಕನಿಷ್ಠ 4 ನಿಮಿಷ ಬ್ಲೋವರ್ ಓಡ್ಸಿ, ಇನ್ನೊಂದ್ಸಲ ಮೂಸಿ, ಆಮೇಲೆ ಸ್ಟಾರ್ಟ್. ನಿಧಾನಕ್ಕೆ ಹೋಗುವಾಗಲೂ ಬ್ಲೋವರ್ ಆನ್ ಇರಲಿ. ವಾಸನೆ ಬಂದ್ರೆ ಮಾತ್ರ ಯಾವ ಸ್ವಿಚ್ಚನ್ನೂ ಮುಟ್ಬೇಡಿ, ಜನರನ್ನ ಇಳಿಸಿ, ಹ್ಯಾಚ್ ತೆರೆದಿಟ್ಟು ಸೋರಿಕೆ ಎಲ್ಲಿ ಅಂತ ಮೆಕ್ಯಾನಿಕ್ ಹತ್ರ ಹುಡುಕಿಸಿ. ತಳದಲ್ಲಿ ಪೆಟ್ರೋಲೇ ನಿಂತಿದ್ರೆ ಎಷ್ಟು ಹೊತ್ತು ಬ್ಲೋವರ್ ಓಡಿಸಿದ್ರೂ ಪ್ರಯೋಜನ ಇಲ್ಲ, ಅದು ಆವಿ ಬಿಡ್ತಾನೇ ಇರತ್ತೆ.

ಪೆಟ್ರೋಲ್ ತುಂಬುವಾಗ ಉಲ್ಟಾ: ಎಂಜಿನ್, ಬ್ಲೋವರ್ ಎಲ್ಲ ಆಫ್, ಹ್ಯಾಚು ಕಿಟಕಿ ಬಾಗಿಲು ಮುಚ್ಚಿರಬೇಕು, ಆವಿ ಒಳಗೆ ಇಳೀಬಾರ್ದು. ತುಂಬಿಸಿ ಮುಚ್ಚಳ ಹಾಕಿದ್ಮೇಲೆ ಎಲ್ಲ ತೆಗೆದು ಮತ್ತೆ ಮೂಸೋದು, ಮತ್ತೆ 4 ನಿಮಿಷ.

ಬ್ಲೋವರ್ ಕೆಟ್ರೆ ಕಾರಿನ ಫ್ಯಾನ್ ತಂದು ಕೂರಿಸೋ ಜಾಣತನ ಬೇಡ. ಮಾಮೂಲಿ ಮೋಟರಿನ ಬ್ರಶ್ ಒಳಗೆ ಕಿಡಿ ಹಾರ್ತಾನೇ ಇರತ್ತೆ, ಆವಿ ಎಳೆಯೋ ಜಾಗದಲ್ಲಿ ಅದನ್ನಿಡೋದಾ? ಇಗ್ನಿಷನ್ ಪ್ರೊಟೆಕ್ಟೆಡ್ (ಒಳಗಿನ ಕಿಡಿ ಸುತ್ತಲಿನ ಆವಿಗೆ ಹೊತ್ತಿಸದ ಹಾಗೆ ಮಾಡಿದ್ದು) ಅಂತ ಬರೆದಿರೋ, ಬೋಟಿಗಂತಲೇ ಮಾಡಿದ ಮರೀನ್ ಬ್ಲೋವರ್ರೇ ಹಾಕ್ಸಿ.

ಕಾರ್ಬನ್ ಮೊನಾಕ್ಸೈಡಿಗೆ ಮಾತ್ರ ಈ ಮೂಗು ನಡೆಯಲ್ಲ, ಎಂಜಿನ್ ಹೊಗೆಯಲ್ಲಿರೋ ಆ ವಿಷದ ಗ್ಯಾಸಿಗೆ ವಾಸನೇನೇ ಇಲ್ಲ, ಕ್ಯಾಬಿನ್ನಿಗೆ ಡಿಟೆಕ್ಟರ್ ಬೇಕು. ಎಂಜಿನ್ ರೂಮಲ್ಲಿ ಬೆಂಕಿ ಕಾಣಿಸ್ಕೊಂಡ್ರೆ ಎಂಜಿನ್ ಜೊತೆ ಬ್ಲೋವರ್ರೂ ತಕ್ಷಣ ಆಫ್, ಹ್ಯಾಚ್ ಪೂರ್ತಿ ತೆಗೆದು ಇಣುಕೋಕೆ ಹೋಗ್ಬೇಡಿ.