ದೊಡ್ಡಮ್ಮನ ರಾಗಿ ಕಲ್ಲಿನ ಪದಗಳನ್ನು ರೆಕಾರ್ಡ್ ಮಾಡಿದ್ದು

ನಮ್ಮ ದೊಡ್ಡಮ್ಮನಿಗೆ ರಾಗಿ ಬೀಸುವ ಪದಗಳು ನಲವತ್ತಕ್ಕೂ ಜಾಸ್ತಿ ಬರುತ್ತವೆ. ಊರಿಗೆ ಮಿಲ್ಲು ಬಂದ ಮೇಲೆ ಬೀಸುವ ಕಲ್ಲು ಕೊಟ್ಟಿಗೆಯ ಮೂಲೆ ಸೇರಿತ್ತು. ಇಂಥ ಪದಗಳು ಪುಸ್ತಕಗಳಲ್ಲಿ ಬೇಕಾದಷ್ಟು ಅಚ್ಚಾಗಿವೆ. ಆದರೆ ಧಾಟಿ ಅಚ್ಚಾಗಲ್ಲ, ಅಲ್ವಾ? ಅದು ಹಾಡುವವರ ಗಂಟಲಲ್ಲೇ ಇರುತ್ತದೆ. ಹಾಗಾಗಿ 2019ರ ದಸರಾ ರಜೆಯಲ್ಲಿ ಕಲ್ಲನ್ನು ತೊಳೆದು ಪಡಸಾಲೆಗೆ ತಂದೆವು.

ಮೊದಲ ದಿನ ಫೋನಿನಲ್ಲೇ ರೆಕಾರ್ಡ್ ಮಾಡಿದೆ. ರಾತ್ರಿ ಕೇಳಿದರೆ ದೊಡ್ಡಮ್ಮನ ದನಿ ಇದೆ, ಕಲ್ಲಿನ ಸದ್ದು ಮಾತ್ರ ಬಂದು ಬಂದು ಮಾಯವಾಗುತ್ತಿದೆ. ಎಷ್ಟೋ ಫೋನುಗಳು ಮಾತಿಗೆ ಮೊದಲ ಜಾಗ ಕೊಡುತ್ತವೆ. ಒಂದೇ ಸಮನೆ ಬರುವ ಸದ್ದನ್ನು ಗಲಾಟೆ ಅಂದುಕೊಂಡು ತಗ್ಗಿಸಿಬಿಡುತ್ತವೆ. ಈ ಪದಗಳಿಗೆ ಕಲ್ಲೇ ಶ್ರುತಿ, ಕಲ್ಲೇ ತಾಳ. ಅದೇ ಹೋದರೆ ಉಳಿದದ್ದು ಅರ್ಧ ಹಾಡು.

ಎರಡನೇ ಸಲ ಗೆಳೆಯನಿಂದ ಒಂದು ಸಣ್ಣ ರೆಕಾರ್ಡರ್ ತಂದೆ. ಅದರಲ್ಲಿ ಸದ್ದಿನ ಮಟ್ಟವನ್ನು ತಾನೇ ಏರಿಸಿ ಇಳಿಸುವ ಆಟೋ ಲೆವೆಲ್ ಆನ್ ಇತ್ತು, ನಾನು ನೋಡಿರಲಿಲ್ಲ. ದೊಡ್ಡಮ್ಮ ಉಸಿರು ತೆಗೆದುಕೊಳ್ಳಲು ನಿಂತಾಗೆಲ್ಲ ಮೆಷಿನ್ ತಾನೇ ಗೇನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಪ್ರಮಾಣ, ಏರಿಸಿತು. ಪಕ್ಕದ ಮನೆ ಟೀವಿ, ಫ್ರಿಜ್ಜಿನ ಗುಯ್ ಎಲ್ಲ ಮೇಲೆ ಬಂತು. ಹಾಡು ಶುರುವಾದ ಕೂಡಲೇ ಮತ್ತೆ ಅದುಮಿತು. ಅವತ್ತಿನ ಏಳು ಪದಗಳೂ ಹಾಗೇ ಏರಿಳಿಯುತ್ತಿವೆ. ಅದನ್ನು ಆಮೇಲೆ ಸರಿ ಮಾಡಲು ಆಗಲಿಲ್ಲ. ಯಾವ ರೆಕಾರ್ಡರ್ ಕೈಗೆ ಬಂದರೂ ನಾನು ಈಗ ಮೊದಲು ಹುಡುಕಿ ಆಫ್ ಮಾಡುವುದು ಅದನ್ನೇ.

ಕೊನೆಗೆ ಝೂಮ್ ಎಚ್5 ಅನ್ನುವ ಕೈಯಲ್ಲಿ ಹಿಡಿಯುವ ರೆಕಾರ್ಡರ್ ಕೊಂಡುಕೊಂಡೆ. ಕಾರಣಗಳು ಸರಳ. ಗೇನ್‌ಗೆ ಬೆರಳಲ್ಲಿ ತಿರುಗಿಸುವ ಗುಂಡಿ ಇದೆ, ಮೆನುವಿನೊಳಗೆ ಹೋಗಬೇಕಿಲ್ಲ. ಎರಡು ಪೆನ್ಸಿಲ್ ಸೆಲ್ಲಿನಲ್ಲಿ ಓಡುತ್ತದೆ, ಹಳ್ಳಿಯ ಅಂಗಡಿಯಲ್ಲೂ ಸಿಗುತ್ತವೆ. ಮುಂದೆ ಬೇರೆ ಮೈಕ್ ತಂದರೆ ಹಾಕಲು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಜಾಗವೂ ಇದೆ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಬ್ಯಾಕಪ್ ರೆಕಾರ್ಡಿಂಗ್. ಅದೇ ಸದ್ದನ್ನು 12 ಡೆಸಿಬೆಲ್ (ಸದ್ದಿನ ಅಳತೆ) ಕಮ್ಮಿ ಇಟ್ಟು ಜೊತೆಯಲ್ಲೇ ಇನ್ನೊಂದು ಫೈಲ್ ಮಾಡುತ್ತದೆ. ಪದದ ನಡುವೆ ದೊಡ್ಡಮ್ಮ ಜೋರಾಗಿ ನಕ್ಕರೆ ಮುಖ್ಯ ಫೈಲಿನಲ್ಲಿ ಸದ್ದು ಒಡೆದುಹೋಗುತ್ತದೆ, ಇದರಲ್ಲಿ ನಗು ನಗುವಾಗಿಯೇ ಉಳಿದಿರುತ್ತದೆ. ಈಗ ತುಂಬ ಮೆಲ್ಲನೆಯದನ್ನೂ ತುಂಬ ಜೋರಿನದನ್ನೂ ಒಟ್ಟಿಗೆ ಹಿಡಿಯುವ 32-ಬಿಟ್ ಫ್ಲೋಟ್ ರೆಕಾರ್ಡರುಗಳು ಬಂದಿವೆ, ಲೆವೆಲ್ ಚಿಂತೆ ಬಹಳ ಮಟ್ಟಿಗೆ ತಪ್ಪುತ್ತದೆ. ಹೊಸದಾಗಿ ಕೊಳ್ಳುವವರು ಅದನ್ನೇ ನೋಡಿ ಅಂತ ನಾನೂ ಹೇಳುತ್ತೇನೆ. ಆದರೆ ಮೈಕನ್ನು ತಪ್ಪು ಜಾಗದಲ್ಲಿ ಇಟ್ಟರೆ ಯಾವ ಬಿಟ್ಟೂ ಕಾಪಾಡಲ್ಲ.

ಆ ಜಾಗ ಹುಡುಕಲು ನನಗೆ ನಾಲ್ಕು ಬೆಳಗ್ಗೆ ಹಿಡಿದವು. ಬೀಸುವವರು ಸುಮ್ನೆ ಕೂತು ಹಾಡುವುದಿಲ್ಲ. ಒಂದು ಕಾಲು ಚಾಚಿ, ಗೂಟ ಹಿಡಿದು, ಮೈಯನ್ನೇ ತೂಗುತ್ತಾರೆ. ಒಂದೊಂದು ಸುತ್ತಿಗೂ ಬಾಯಿ ಒಂದು ಗೇಣು ಮುಂದೆ ಬರುತ್ತದೆ, ಒಂದು ಗೇಣು ಹಿಂದೆ ಹೋಗುತ್ತದೆ. ಹತ್ತಿರ ಇಟ್ಟಷ್ಟೂ ಚೆನ್ನ ಅಂತ ಮೈಕನ್ನು ಮುಖದ ಮುಂದೆಯೇ ಇಟ್ಟೆ. ದನಿ ಉಯ್ಯಾಲೆ ಆಡಿದ ಹಾಗೆ ಕೇಳಿಸಿತು. ದೂರ ಅರ್ಧವಾದರೆ ಸದ್ದು 6 ಡೆಸಿಬೆಲ್‌ನಷ್ಟು ಏರುತ್ತದೆ. ಹತ್ತಿರದಲ್ಲಿ ಒಂದು ಗೇಣು ಅಂದರೆ ಅಷ್ಟು ದೊಡ್ಡ ವ್ಯತ್ಯಾಸ. ಎರಡು ಮೊಳ ದೂರ ಸರಿಸಿದ ಮೇಲೆ ಅದೇ ಗೇಣಿನ ವ್ಯತ್ಯಾಸ ಬಹಳ ಕಮ್ಮಿಯಾಯಿತು. ಆದರೆ ಈಗ ಕಲ್ಲು ಜಾಸ್ತಿಯಾಯಿತು. ರೆಕಾರ್ಡರನ್ನು ನೆಲದಿಂದ ಎತ್ತಿ ಸ್ಟೂಲಿನ ಮೇಲೆ, ದೊಡ್ಡಮ್ಮನ ಹಣೆಯ ಎತ್ತರಕ್ಕೆ ಇಟ್ಟು, ಮೂತಿಯನ್ನು ಸ್ವಲ್ಪ ಕೆಳಕ್ಕೆ ಬಾಯಿಯ ಕಡೆ ಬಾಗಿಸಿದೆ. ಆಗ ದನಿ ಮುಂದೆ ಬಂತು, ಕಲ್ಲು ಅದರ ಕೆಳಗೆ ಚಾಪೆ ಹಾಸಿದ ಹಾಗೆ ಕೂತಿತು.

ಇನ್ನೊಂದು ತೊಂದರೆ ನೆಲದಿಂದ ಬಂತು. ಕಲ್ಲಿನ ಅದುರು ಸ್ಟೂಲಿನ ಕಾಲು ಹತ್ತಿ ಗುಡುಗಿದ ಹಾಗೆ ಫೈಲಿಗೆ ಇಳಿಯುತ್ತಿತ್ತು. ತಗ್ಗು ದನಿಗಳನ್ನು ಸೋಸುವ ಲೋ ಕಟ್ ಹಾಕಿದರೆ ಅದು ಹೋಗುತ್ತದೆ, ಆದರೆ ಅದರ ಜೊತೆ ಕಲ್ಲಿನ ತುಂಬು ದನಿಯೂ ಹೋಗುತ್ತದೆ. ಹಾಗಾಗಿ ಲೋ ಕಟ್ ಬಿಟ್ಟು, ಸ್ಟೂಲಿನ ಕೆಳಗೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ. ಅದುರು ನಿಂತಿತು, ಕಲ್ಲು ಉಳಿಯಿತು. ಮನೆಯೊಳಗೇ ಆದರೂ ಮೈಕಿಗೆ ಸ್ಪಂಜಿನ ಟೋಪಿ ಹಾಕಿದೆ, ಗಾಳಿಗಲ್ಲ, ಹಾರುವ ಹಿಟ್ಟಿಗೆ. ಹೊರಗೆ ಸೋಬಾನೆ ರೆಕಾರ್ಡ್ ಮಾಡುವಾಗ ಸ್ಪಂಜು ಸಾಲದು, ಕೂದಲಿನ ಟೋಪಿಯೇ ಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ಸದ್ದನ್ನು ಕುಗ್ಗಿಸದೆ ಇಡುವ ವೇವ್ ಫೈಲ್, 48 ಕಿಲೋಹರ್ಟ್ಸ್, 24-ಬಿಟ್. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 1 ಜೀಬಿ ಆಗುತ್ತದೆ, ಬ್ಯಾಕಪ್ ಹಾಕಿದರೆ ಅದರ ಎರಡರಷ್ಟು. ಅತಿ ಜೋರಿನ ಜಾಗದಲ್ಲೂ ಮೀಟರ್ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಗೇನ್ ಇಡುತ್ತೇನೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಇಲ್ಲದೆ ಶುರು ಮಾಡುವುದೇ ಇಲ್ಲ. ಬರಿ ಕಿವಿಗೆ ಕೇಳಿಸದ ಫ್ಯಾನು, ಫ್ರಿಜ್ಜು ಅದರಲ್ಲಿ ಗೊತ್ತಾಗುತ್ತವೆ. ಎರಡನ್ನೂ ಆರಿಸುತ್ತೇನೆ. ಕರೆಂಟ್ ಹೋದ ಬೆಳಗ್ಗೆಯಂತೂ ಹಬ್ಬ, ಇಡೀ ಬೀದಿಯೇ ಸುಮ್ಮನಿರುತ್ತದೆ. ಸೆಲ್ಲು ಮಾತ್ರ ಪ್ರತಿ ದಿನ ಹೊಸ ಚಾರ್ಜಿನದು. ಒಮ್ಮೆ ಹಿಂದಿನ ದಿನದ್ದೇ ಸಾಕು ಅಂದುಕೊಂಡಿದ್ದಕ್ಕೆ ಒಂದು ಉದ್ದನೆಯ ಪದ ನಡುವೆಯೇ ನಿಂತುಹೋಯಿತು. ಮತ್ತೊಮ್ಮೆ ಹೇಳಿಸಿದಾಗ ಅದು ಬೇರೆ ಥರವೇ ಬಂತು. ರಾತ್ರಿ ಮಲಗುವ ಮುಂಚೆ ಎರಡು ಕಡೆ ಕಾಪಿ ಮಾಡಿ, ಫೈಲಿಗೆ ತಾರೀಖು, ಊರು, ಪದದ ಮೊದಲ ಸಾಲು ಬರೆದಿಡುತ್ತೇನೆ.

ಎಲ್ಲಕ್ಕೂ ಮೊದಲು ಕೇಳಿಯೇ ರೆಕಾರ್ಡ್ ಮಾಡಿದೆ. "ಏನ್ ಮಗ ಅದು, ಶೇವಿಂಗ್ ಮಿಷಿನ್ನಾ?" ಅಂದಳು ದೊಡ್ಡಮ್ಮ.

"ಅಲ್ಲ ದೊಡ್ಡಮ್ಮ, ನಿನ್ ಪದ ಹಿಡ್ಕೊಳ್ಳೋ ಪೆಟ್ಟಿಗೆ. ಮಕ್ಕಳು ಮೊಮ್ಮಕ್ಕಳು ಕೇಳ್ಲಿ ಅಂತ. ಹಿಡೀಲಾ?"

"ಹಿಡಿ. ನಾನ್ ಸತ್ ಮೇಲೂ ಬೀಸಿಸ್ತೀಯಾ ಅನ್ನು" ಅಂತ ನಕ್ಕಳು.

ಮೊದಲ ಪದ ಮುಗಿದ ಮೇಲೆ ಹೆಡ್‌ಫೋನ್ ಅವಳ ಕಿವಿಗೆ ಹಾಕಿದೆ. ಕಣ್ಣು ಮುಚ್ಚಿ ಕೇಳಿದಳು. ಕೈ ತಾನಾಗಿ ಗೂಟದ ಕಡೆ ಹೋಯಿತು. ಅವತ್ತಿನಿಂದ ಪೆಟ್ಟಿಗೆಯ ಕಡೆ ನೋಡುವುದನ್ನೇ ಬಿಟ್ಟಳು.

ಪದ ನಿಂತ ಕೂಡಲೇ ಸ್ಟಾಪ್ ಒತ್ತುವ ಅಭ್ಯಾಸ ನನಗಿತ್ತು. ಒಂದು ಬೆಳಗ್ಗೆ ಮರೆತು ಹಾಗೇ ಬಿಟ್ಟಿದ್ದೆ. ಆಮೇಲೆ ಕೇಳಿದರೆ, ಕಲ್ಲು ನಿಂತ ಒಂದು ಗಳಿಗೆಗೆ ಅವಳ ದನಿ ಮೆಲ್ಲಗೆ ಬಂತು. "ಇದು ನಮ್ಮತ್ತೆದು. ನಮ್ಮವ್ವ ಇದನ್ನೇ ಬೇರೆ ಥರ ಹೇಳೋಳು." ಅಷ್ಟು ಹೇಳಿ, ಕಲ್ಲಿಲ್ಲದೆ, ಬರಿ ಗಂಟಲಲ್ಲಿ ಅವ್ವನ ಧಾಟಿಯಲ್ಲಿ ಎರಡು ಸಾಲು ಹೇಳಿದ್ದಳು. ಈಗ ಪದ ಮುಗಿದ ಮೇಲೂ ಐದು ನಿಮಿಷ ಸ್ಟಾಪ್ ಮುಟ್ಟುವುದಿಲ್ಲ.