ಹೊರದೇಶದ ಓದಿಗೆ ಹೊರಟಿದ್ದೀರಾ? ತಯಾರಿ ಮನೆಯಿಂದಲೇ ಶುರುವಾಗಲಿ

ಜರ್ಮನಿಯಲ್ಲಿ ನಾನು ಒಂದು ವರ್ಷ ಇದ್ದ ಮನೆಯಲ್ಲಿ ಮೊದಲ ರಾತ್ರಿಯ ಊಟ ಬ್ರೆಡ್ಡು, ಚೀಸು, ಹೆಚ್ಚಿದ ಸೌತೆಕಾಯಿ. ‘ಇನ್ನೊಂದು ಚೂರು ಬೇಕಾ?’ ಎಂದು ಮನೆಯಾಕೆ ಕೇಳಿದರು. ‘ಬೇಡ’ ಅಂದೆ. ನಮ್ಮ ಕಡೆ ಬೇಡ ಅಂದಮೇಲೇ ಬಡಿಸುವುದು. ಅಲ್ಲಿ ಬ್ರೆಡ್ಡು ಡಬ್ಬಿಗೆ ಹೋಯಿತು, ನಾನು ಅರೆಹೊಟ್ಟೆಯಲ್ಲಿ ಮಲಗಿದೆ. ಅವರ ತಪ್ಪೇನೂ ಇರಲಿಲ್ಲ, ನನ್ನ ಮಾತನ್ನು ನಂಬಿದ್ದರು ಅಷ್ಟೆ.

ನಮ್ಮ ಮನೆಗಳಲ್ಲಿ ಹೇಳದೆಯೇ ಅರ್ಥವಾಗುವ ಎಷ್ಟೋ ಸಂಗತಿಗಳನ್ನು ಹೋಸ್ಟ್ ಫ್ಯಾಮಿಲಿಯ, ಅಂದರೆ ಓದಲು ಬಂದವರನ್ನು ತಮ್ಮ ಜೊತೆ ಇರಿಸಿಕೊಳ್ಳುವ ಅಲ್ಲಿನ ಕುಟುಂಬದ, ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕಾಗುತ್ತದೆ. ವೀಸಾ, ಸೂಟ್‌ಕೇಸುಗಳ ಗಡಿಬಿಡಿಯಲ್ಲಿ ಈ ತಯಾರಿ ಮರೆತೇಹೋಗುತ್ತದೆ. ನನಗೆ ಗೊತ್ತಿರುವುದು ಜರ್ಮನಿ, ಹಾಗಾಗಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ.

ಎಂಟು–ಹತ್ತು ತಿಂಗಳ ಮೊದಲು: ಹೆಸರು, ಹಣ, ಭಾಷೆ

ಮೊದಲು ಹೆಸರು ನೋಡಿಕೊಳ್ಳಿ. ನಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಬರೆಯಬೇಕು. ಎರಡೂ ಒಬ್ಬರದೇ ಎಂದು ತೋರಿಸುವ ಅಫಿಡವಿಟ್ ಬೇಕಾದರೆ ಈಗಲೇ ಮಾಡಿಸಿಡಿ. ಪಾಸ್‌ಪೋರ್ಟ್ ಇಲ್ಲದವರು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಲಾಲ್‌ಬಾಗ್ ಅಥವಾ ಮಾರತ್ತಹಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಸಮಯ ಗೊತ್ತು ಮಾಡಿಕೊಳ್ಳಬಹುದು.

ಜರ್ಮನಿಗೆ ಪದವಿ ಓದಲು ಹೋಗುವವರು ವೀಸಾ ಅರ್ಜಿಗೆ ಮೊದಲು ದೆಹಲಿಯ ಎಪಿಎಸ್ ಕೇಂದ್ರದಿಂದ ಅಂಕಪಟ್ಟಿಗಳ ಪರಿಶೀಲನೆ ಮಾಡಿಸಬೇಕು. 2022ರ ನವೆಂಬರ್‌ನಿಂದ ಇದು ಕಡ್ಡಾಯ. ಖರ್ಚಿಗೆ ಹಣವಿದೆ ಎಂದು ತೋರಿಸಲು ಬ್ಲಾಕ್ಡ್ ಅಕೌಂಟ್, ಅಂದರೆ ಮೊದಲೇ ಹಣ ಕಟ್ಟಿ ತಿಂಗಳಿಗೆ ಇಷ್ಟೆಂದು ಮಾತ್ರ ತೆಗೆಯಬಹುದಾದ ಖಾತೆ, ತೆರೆಯುವುದು ರೂಢಿ. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಮೊತ್ತ ವರ್ಷಕ್ಕೆ 11,904 ಯೂರೊ. ಅದು ತಿಂಗಳಿಗೆ 992 ಯೂರೊದಂತೆ ಕೈಗೆ ಬರುತ್ತದೆ. ಅರ್ಜಿ ಹಾಕುವ ದಿನದ ಮೊತ್ತವನ್ನು ಕಾನ್ಸುಲೇಟ್ ಜಾಲತಾಣದಲ್ಲಿ ನೋಡಿಕೊಳ್ಳಿ.

ಪಾಠ ಇಂಗ್ಲಿಷಿನಲ್ಲೇ ಇದ್ದರೂ ಅಡುಗೆಮನೆಯ ಮಾತು ಇಂಗ್ಲಿಷಿನಲ್ಲಿ ನಡೆಯುವುದಿಲ್ಲ. ಇಂದಿರಾನಗರದ ಸಿಎಂಎಚ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಸುತ್ತಾರೆ. ಫ್ರಾನ್ಸಿಗೆ ಹೋಗುವವರಿಗೆ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಇದೆ. ಜರ್ಮನ್ನಿನ ‘ದು’, ‘ಜೀ’ ನಮ್ಮ ನೀನು, ನೀವು ಇದ್ದ ಹಾಗೆ. ಹಿರಿಯರು ತಾವಾಗಿ ಹೇಳುವವರೆಗೆ ‘ಜೀ’ ಎಂದೇ ಕರೆಯಿರಿ. ಕನ್ನಡದವರಿಗೆ ಇದು ಸುಲಭವಾಗಿ ಒಗ್ಗುತ್ತದೆ.

ಮನೆ ಗೊತ್ತಾದ ಕೂಡಲೇ: ಒಂದು ಕಾಗದ

ಆ ಮನೆಯವರಿಗೆ ಒಂದು ಪುಟ ಬರೆಯಿರಿ. ಹವ್ಯಾಸಗಳ ವಿಷಯ ಎರಡು ಸಾಲು ಸಾಕು, ಊಟದ ವಿಷಯ ಬಿಡಿಸಿ ಹೇಳಿ. ಬರೀ ‘ವೆಜಿಟೇರಿಯನ್’ ಅಂದರೆ ಮೊಟ್ಟೆ ತಿನ್ನುತ್ತೀರಿ ಎಂದು ಅಲ್ಲಿನವರು ತಿಳಿಯುತ್ತಾರೆ. ಮೊಟ್ಟೆ ಬೇಡವೇ? ಕೇಕಿನಲ್ಲಿದ್ದರೆ ಆಗುತ್ತದೆಯೇ? ಹಲವು ಜೆಲ್ಲಿ ಮಿಠಾಯಿಗಳಲ್ಲಿರುವ ಜೆಲಟಿನ್ ಪ್ರಾಣಿಗಳಿಂದ ತೆಗೆದದ್ದು, ಅದು ನಡೆಯುತ್ತದೆಯೇ? ಅಲರ್ಜಿ, ತೆಗೆದುಕೊಳ್ಳುವ ಮಾತ್ರೆ, ನಾಯಿ–ಬೆಕ್ಕಿನ ಭಯ ಇದ್ದರೆ ಮುಚ್ಚಿಡಬೇಡಿ. ಅವರ ಮನೆಯ ಕಟ್ಟುಪಾಡುಗಳನ್ನೂ ಕೇಳಿ ತಿಳಿದುಕೊಳ್ಳಿ.

ಕೊನೆಯ ಎರಡು ತಿಂಗಳು: ಮನೆಯಲ್ಲೇ ಅಭ್ಯಾಸ

ಇದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ತಯಾರಿ. ಖರ್ಚೂ ಇಲ್ಲ.

ಬಚ್ಚಲಿನಿಂದ ಶುರು ಮಾಡಿ. ಅಲ್ಲಿನ ಎಷ್ಟೋ ಸ್ನಾನದ ಮನೆಗಳಲ್ಲಿ ಶವರ್ ಜಾಗ ಬಿಟ್ಟರೆ ನೆಲದಲ್ಲಿ ನೀರು ಹೋಗುವ ಕಿಂಡಿಯೇ ಇರುವುದಿಲ್ಲ. ಚೊಂಬಿನಲ್ಲಿ ಮೊಗೆದು ಹೊಯ್ದುಕೊಂಡರೆ ನೀರು ಹಜಾರಕ್ಕೆ ಬರುತ್ತದೆ. ಸ್ನಾನ ಮುಗಿದಾಗ ನೆಲ ಒಣಗಿರುವ ಹಾಗೆ ದಿನವೂ ರೂಢಿ ಮಾಡಿಕೊಳ್ಳಿ. ತಿಂದ ತಟ್ಟೆ ತೊಳೆಯುವುದು, ಬಟ್ಟೆ ಒಗೆಯುವುದು, ಕಸವನ್ನು ಕಾಗದ, ಪ್ಲಾಸ್ಟಿಕ್, ಹಸಿಕಸ ಎಂದು ಬೇರೆ ಮಾಡುವುದು ಅಮ್ಮನ ಪಾಲಿಗೆ ಇಷ್ಟು ದಿನ ಬಿಟ್ಟಿದ್ದರೆ, ಇನ್ನು ನಿಮ್ಮ ಪಾಲಿಗಿರಲಿ.

ಆಮೇಲೆ ಮಾತು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ, ರಾತ್ರಿ ಊಟಕ್ಕೆ ಇರುತ್ತೀರೋ ಇಲ್ಲವೋ ಹೇಳಿ ಹೊರಡಿ. ಹಸಿವಾದರೆ ಹಸಿವು ಎನ್ನಿ. ಬೇಕಾದ್ದಕ್ಕೆ ಮೊದಲ ಸಲವೇ ‘ಬೇಕು’ ಎನ್ನಿ. ಅಮ್ಮ ಕಾಫಿ ಕೊಟ್ಟಾಗ ನಾವು ಥ್ಯಾಂಕ್ಸ್ ಹೇಳುವುದಿಲ್ಲ, ಹೇಳಿದರೆ ಅಮ್ಮನಿಗೇ ಬೇಜಾರು. ಅಲ್ಲಿ ಹೇಳದೆ ಕುಡಿದರೆ ಬೇಜಾರು.

ಒಂದು ಅಡುಗೆ ಚೆನ್ನಾಗಿ ಕಲಿಯಿರಿ, ಹತ್ತು ಬೇಡ. ನನ್ನ ಮತ ಚಿತ್ರಾನ್ನಕ್ಕೆ: ಅಕ್ಕಿ, ನಿಂಬೆಹಣ್ಣು, ಕಡಲೆಕಾಯಿ ಬೀಜ ಅಲ್ಲೇ ಸಿಗುತ್ತವೆ. ಹಸಿಮೆಣಸಿನಕಾಯಿ ಹಾಕದೆ ಮಾಡಿ ರುಚಿ ನೋಡಿ, ಆ ಮನೆಯ ಮಕ್ಕಳೂ ತಿನ್ನಬೇಕಲ್ಲ. ಒಗ್ಗರಣೆಯ ಹೊಗೆಗೆ ಅಲಾರಂ ಕೂಗಬಹುದು, ಕೇಳಿಕೊಂಡು, ಕಿಟಕಿ ತೆರೆದೇ ಬಾಣಲೆ ಇಡಿ.

ಸೂಟ್‌ಕೇಸು ಕಟ್ಟುವಾಗ

ಹೊರಗಿನಿಂದ ಬರುವ ಸಾಮಾನ್ಯ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಐರೋಪ್ಯ ಒಕ್ಕೂಟ ಬಿಡುವುದಿಲ್ಲ, ಹಾಗಾಗಿ ತುಪ್ಪ, ಪೇಡ ಮನೆಯಲ್ಲೇ ಇರಲಿ. ಹಸಿ ಕರಿಬೇವಿಗೂ ಪ್ರಮಾಣಪತ್ರ ಬೇಕು. ಕೊಬ್ಬರಿ ಗಿಟುಕು ಬೆಂಕಿ ಹೊತ್ತಬಲ್ಲ ವಸ್ತು ಎಂದು ವಿಮಾನದವರೇ ತೆಗೆಸುತ್ತಾರೆ. ಸಾರಿನಪುಡಿ, ಹುಳಿಪುಡಿ ಗಟ್ಟಿಯಾಗಿ ಪ್ಯಾಕ್ ಮಾಡಿ ಒಯ್ಯಿರಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಉಡುಗೊರೆಗೆ ಚನ್ನಪಟ್ಟಣದ ಗೊಂಬೆ, ಮೈಸೂರು ಸ್ಯಾಂಡಲ್ ಸೋಪು ಹಗುರ. ಎರಡರ ಹಿಂದೆಯೂ ಹೇಳಲು ಕಥೆಯಿದೆ.

ಅಪ್ಪ–ಅಮ್ಮನಿಗೆ ಒಂದು ಮಾತು

ಜರ್ಮನಿ ನಮಗಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಇಲ್ಲಿ ಬೆಳಗಿನ ಆರಕ್ಕೆ ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ, ಇಡೀ ಮನೆ ಎಚ್ಚರಗೊಳ್ಳುತ್ತದೆ. ವಾರಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಮಗು ಅತ್ತ ದಿನ ನಿಮಗೆ ನಿದ್ದೆ ಬರುವುದಿಲ್ಲ, ನನಗೆ ಗೊತ್ತು. ಆದರೂ ಆ ಮನೆಯವರ ಜೊತೆ ಕೂತು ಮಾತಾಡಲು ಅದಕ್ಕೆ ಸಮಯ ಬಿಟ್ಟುಕೊಡಿ.

ಇಳಿದ ಮೊದಲ ವಾರಗಳು

ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆಯವರ ಸಹಿ ಇರುವ ಪತ್ರ ಬೇಕು, ಬಂದ ದಿನವೇ ಕೇಳಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಡಿ. ರಾತ್ರಿ ಹತ್ತರ ಮೇಲೆ ಸದ್ದು ಬೇಡ.

ಮನೆ ಹೊಂದದಿದ್ದರೆ ಸಹಿಸಿಕೊಂಡು ಕೂರಬೇಡಿ. ನಿಮ್ಮನ್ನು ಅಲ್ಲಿ ಸೇರಿಸಿದ ಸಂಸ್ಥೆಯವರಿಗೆ ತಿಳಿಸಿ, ಮನೆ ಬದಲಾಯಿಸಿ ಎಂದು ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಅವರ ನಂಬರನ್ನು ಫೋನಿನಲ್ಲಷ್ಟೇ ಅಲ್ಲ, ಕಾಗದದಲ್ಲೂ ಬರೆದು ಪರ್ಸಿನಲ್ಲಿಡಿ. ತುರ್ತು ನೆರವಿಗೆ ಮಾತ್ರ ಹೊಸ ನಂಬರ್ ಕಲಿಯಬೇಕಿಲ್ಲ. ಇಲ್ಲಿಯ ಹಾಗೆ ಅಲ್ಲಿಯೂ 112.