ಹಳೆಯ ಸ್ಕೂಟರಿಗೆ ಪ್ರತ್ಯೇಕ ಅರ್ಥಿಂಗ್ ತಂತಿ ಎಳೆಯಿರಿ

ಹಳೆಯ ಚೇತಕ್, ವೆಸ್ಪಾ ಅಥವಾ ಲ್ಯಾಂಬ್ರೆಟಾಗಳ ಪಾಯಿಂಟ್ (ಕಿಡಿಗಾಗಿ ತೆರೆದು ಮುಚ್ಚುವ ಸ್ವಿಚ್ಚು) ತೆಗೆದು 12 ವೋಲ್ಟಿನ ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ಹಾಕಿಸುವವರು ಬಾಡಿಯನ್ನೇ ಅರ್ಥಿಂಗ್ (ವಿದ್ಯುತ್ ಹಿಂದಿರುಗುವ ದಾರಿ) ಎಂದು ನಂಬದೆ, ಎಂಜಿನ್ ಕೇಸಿನಿಂದ ಸಿಡಿಐಗೂ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರಿಗೂ ಹೆಡ್‌ಲೈಟಿಗೂ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯೊಂದನ್ನು ಪ್ರತ್ಯೇಕವಾಗಿ ಎಳೆಯುವುದು ಒಳ್ಳೆಯದು. ಈ ಸ್ಕೂಟರುಗಳ ಎಂಜಿನ್ ರಬ್ಬರ್ ಬುಷ್‌ಗಳ ಮೇಲೆ ಕೂತಿರುವುದರಿಂದ ಅಲ್ಲಿಂದ ಬಾಡಿಗೆ ವಿದ್ಯುತ್ ಸರಿಯಾಗಿ ದಾಟುವುದಿಲ್ಲ. ಹೊಸ ಪೇಂಟ್ ಬೋಲ್ಟಿನ ಅಡಿಯಲ್ಲಿ ವಿದ್ಯುತ್ತನ್ನು ತಡೆಯುತ್ತದೆ. ಪಣಂಬೂರು, ಮಲ್ಪೆಯಂಥ ಕಡೆಗಳ ಉಪ್ಪುಗಾಳಿಗೆ ಉಳಿದ ಜೋಡಣೆಗಳೂ ಬೇಗನೆ ತುಕ್ಕು ಹಿಡಿದು, ಕಿಡಿ ದುರ್ಬಲವಾಗಿ ಲೈಟು ಮಿಣುಕತೊಡಗುತ್ತದೆ. ರಿಂಗ್ ಟರ್ಮಿನಲ್ ಕೂರುವಷ್ಟು ಜಾಗದ ಪೇಂಟನ್ನು ಲೋಹ ಹೊಳೆಯುವವರೆಗೆ ಕೆರೆದು, ಹಲ್ಲಿನ ವಾಷರ್ ಇಟ್ಟು ಬಿಗಿ ಮಾಡಿ, ಆಮೇಲೆ ಮೇಲಿನಿಂದ ವ್ಯಾಸಲಿನ್ ಹಚ್ಚಿರಿ. ಪರೀಕ್ಷೆಗೆ ಓಮ್ಸ್ (ವಿದ್ಯುತ್ ರೋಧದ) ಅಳತೆ ಸಾಲದು, ಏಕೆಂದರೆ ಒಂದೇ ಎಳೆ ಉಳಿದಿರುವ ತಂತಿಯೂ ಅದರಲ್ಲಿ ಸರಿಯಾಗಿಯೇ ಕಾಣುತ್ತದೆ. ಎಂಜಿನ್ ಓಡುತ್ತಾ ಹೆಡ್‌ಲೈಟ್ ಉರಿಯುತ್ತಿರುವಾಗ ಎಂಜಿನ್ ಕೇಸಿಗೂ ಬಲ್ಬಿನ ಅರ್ಥಿಂಗ್ ತುದಿಗೂ ನಡುವಿನ ವೋಲ್ಟೇಜನ್ನು ಅಳೆಯಿರಿ, ಅದು ಸೊನ್ನೆಗೆ ಹತ್ತಿರವಿರಬೇಕು. ಸ್ಟೇಟರಿನಿಂದ (ಎಂಜಿನ್ನಿನಲ್ಲಿ ವಿದ್ಯುತ್ ಉತ್ಪಾದಿಸುವ ಕಾಯಿಲುಗಳ ತಟ್ಟೆ) ಹೊರಬರುವ ತಂತಿಗಳ ಹೊದಿಕೆ ಒಡೆದಿದ್ದರೆ, ಸಿಡಿಐಗೆ ಕಿಡಿಯ ಕ್ಷಣ ತಿಳಿಸುವ ಪಿಕಪ್ ಕಾಯಿಲ್ ಕೆಟ್ಟಿದ್ದರೆ ಅಥವಾ ಕಿಡಿಯ ಟೈಮಿಂಗ್ ತಪ್ಪಿದ್ದರೆ ಈ ತಂತಿಯಿಂದ ಪ್ರಯೋಜನವಿಲ್ಲ, ಮೊದಲು ಅವನ್ನು ಸರಿಪಡಿಸಬೇಕು. ಬ್ಯಾಟರಿಗಾಗಿ ಫುಲ್‌ವೇವ್ ರೆಗ್ಯುಲೇಟರ್ (ಎಸಿ ಅಲೆಯ ಎರಡೂ ಅರ್ಧಗಳನ್ನು ಬಳಸುವಂಥದ್ದು) ಹಾಕಿದವರು ಮಾತ್ರ ಸ್ಟೇಟರಿನ ಲೈಟಿಂಗ್ ಕಾಯಿಲಿನ ಎರಡೂ ತುದಿಗಳನ್ನು ಅರ್ಥಿಂಗ್‌ನಿಂದ ಬಿಡಿಸಿಯೇ ಇಡಬೇಕು. ಅವುಗಳಲ್ಲಿ ಒಂದನ್ನು ಈ ತಂತಿಗೆ ಸೇರಿಸಿದರೆ ರೆಗ್ಯುಲೇಟರ್ ಸುಟ್ಟುಹೋಗಬಹುದು.